ಬಲಗೈ ಗಟ್ಟಿಯಿರುವ ಅಣ್ಣ ಬೇಕಾಗಿದ್ದಾನೆ

ಭೀಮನ ಅಮಾವಾಸ್ಯೆಯ ಹಿಂದಿನ ದಿನವೇ ಲಿಖಿತ್ ಸ್ಕೂಟರಿನಿಂದ ಬಿದ್ದು ಬಲ ಮೊಣಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ. ಬೇರೆ ಯಾವತ್ತು ಬಿದ್ದಿದ್ದರೂ ಅವನ ಅಮ್ಮ ಒಂದಿಷ್ಟು ಅತ್ತು ಸುಮ್ಮನಾಗುತ್ತಿದ್ದರು. ಹಬ್ಬದ ಬೆಳಿಗ್ಗೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಒಳಗೆ ನಾಣ್ಯ ಅಡಗಿಸಿದ ಕಡುಬನ್ನು ಹೊಸಿಲ ಮೇಲಿಟ್ಟು, ಒಡಹುಟ್ಟಿದವನು ಮೊಣಕೈಯಿಂದ ಗುದ್ದಿ ಒಡೆಯಬೇಕು. ಆ ಭಂಡಾರ ಒಡೆದರೆ ಮಾತ್ರ ಅವನಕ್ಕ ಊರ್ಮಿಳೆಯ ವ್ರತ ಪೂರ್ತಿ. ವ್ರತ ಪೂರ್ತಿಯಾದರೆ ಮಾತ್ರ ಒಳ್ಳೆಯ ಗಂಡ.

"ಎಡಗೈಲೇ ಒಡೀತೀನಮ್ಮ," ಎಂದ ಲಿಖಿತ್, ಸೋಫಾದ ಮೇಲೆ ಮಲಗಿಕೊಂಡೇ.

"ಎಡಗೈಲಿ ಒಡೆದ್ರೆ ಎಂಥ ಅಳಿಯ ಸಿಗ್ತಾನೋ, ನೀನೇ ಯೋಚನೆ ಮಾಡು," ಎಂದರು ಅಮ್ಮ.

ಅಷ್ಟರಲ್ಲಿ ಮೇಲಿನ ಮನೆಯ ಜಯಲಕ್ಷ್ಮೀ ಮಾಮಿ ಬಂದರು. ಮೂರು ತಲೆಮಾರಿನಿಂದ ಮದರಾಸಿನವರಾದ ಮಾಮಿಗೆ ಪಲ್ಲಾವರಂನ ಆ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಗೊತ್ತು. ವಿಷಯ ಕೇಳಿದ್ದೇ ತಡ, ತಮಿಳು ಬೆರೆತ ಕನ್ನಡದಲ್ಲಿ ಪರಿಹಾರ ಕೊಟ್ಟರು.

"ಕವಲೈ ಪಡಬೇಡ್ರೀ. ನಮ್ಮ ಸಮೀರ್ ಇದ್ದಾನಲ್ಲ? ಮಾರ್ಕೆಟ್‌ಗೆ ಹೋಗಿದ್ದಾನೆ, ಬಂದ ತಕ್ಷಣ ಕಳಿಸ್ತೀನಿ. ತಂಗಿಯಿಲ್ಲದ ಹುಡುಗ, ಪಾವಂ, ಅವನಿಗೂ ಒಬ್ಬಳು ತಂಗಿ ಆಗ್ತಾಳೆ."

ದೇವರ ಮುಂದೆ ಬತ್ತಿ ಹೊಸೆಯುತ್ತಿದ್ದ ಊರ್ಮಿಳೆಯ ಕೈ ಅಲ್ಲೇ ನಿಂತಿತು. ಸಮೀರ್ ಮಾಮಿಯ ತಂಗಿಯ ಮಗ. ಬೆಳಿಗ್ಗೆ ಗಿಂಡಿಗೆ ಹೋಗುವ ಟ್ರೈನಿನಲ್ಲಿ ಅವಳಿಗಾಗಿ ಕಿಟಕಿ ಪಕ್ಕದ ಸೀಟು ಹಿಡಿದಿಡುತ್ತಿದ್ದವನು. ಬಾಯಿ ಬಿಡಲು ನಾಚುವ ಅವಳು ಇಷ್ಟು ತಿಂಗಳಲ್ಲಿ ಅವನೊಂದಿಗೆ ಆಡಿದ್ದೆಲ್ಲ ಸೇರಿಸಿದರೂ ಅರ್ಧ ಪುಟವಾಗದು. ಆದರೂ ಭೀಮೇಶ್ವರನ ಮುಂದೆ ಬೇಡಿಕೊಳ್ಳುವಾಗ ಯಾರ ಮುಖ ಕಣ್ಮುಂದೆ ಬರುತ್ತಿತ್ತೆಂಬುದು ಅವಳಿಗೂ ಭೀಮೇಶ್ವರನಿಗೂ ಮಾತ್ರ ಗೊತ್ತಿತ್ತು.

"ಯಾರಾದ್ರೂ ಸುಮ್ನೆ ಒಡೆದ್ರೆ ಆಗಲ್ವಾಮ್ಮ? ಅವ್ರು ಅಣ್ಣ ಆಗ್ಲೇಬೇಕಾ?"

"ಭಂಡಾರ ಒಡೆದವನು ಅಣ್ಣನೇ. ಅದಕ್ಕೆ ಅಪೀಲಿಲ್ಲ."

ಊರ್ಮಿಳೆಗೆ ಕಾದ ಹೆಂಚಿನ ಮೇಲೆ ಕೂತಂತಾಯಿತು. ಸಮೀರ್ ಮಾರ್ಕೆಟ್‌ನಿಂದ ಬರುವಷ್ಟರಲ್ಲಿ ಬೇರೊಬ್ಬ ಅಣ್ಣ ಸಿಗಬೇಕು. ಆಫೀಸಿನ ಮಹದೇವನಿಗೆ ಫೋನ್ ಮಾಡಿದಳು. ಅವನು ಪಿತೃಗಳಿಗೆ ಎಳ್ಳುನೀರು ಬಿಡಲು ಸಮುದ್ರಕ್ಕೆ ಹೋಗಿದ್ದ. ಅಲೆಗಳ ಸದ್ದಿನಲ್ಲಿ ಅವಳ ಕಷ್ಟ ಅವನಿಗೆ ಕೇಳಿಸಲೇ ಇಲ್ಲ. ಕೆಳಗಿನ ಮನೆಯ ವಿಷ್ಣುತೀರ್ಥರನ್ನು ಕೇಳಿದಳು. ಈ ವಯಸ್ಸಿನಲ್ಲಿ ಅಣ್ಣನೆಂದು ಕರೆದಳಲ್ಲ ಎಂಬ ಹಿಗ್ಗಿನಲ್ಲಿ ಅವರು ಶಲ್ಯ ಸರಿಮಾಡಿಕೊಂಡು ಬಂದೇಬಿಟ್ಟರು. ಬಂದು ಹೊಸಿಲ ಮುಂದೆ ಮಂಡಿಯೂರಿದವರು ಹಾಗೇ ಉಳಿದರು. ಮಂಡಿ ಹಿಡಿದುಕೊಂಡಿತ್ತು, ಬಗ್ಗಲೂ ಆಗದು, ಏಳಲೂ ಆಗದು. ಅಮ್ಮ ಒಂದು ರಟ್ಟೆ, ಮಾಮಿ ಒಂದು ರಟ್ಟೆ ಹಿಡಿದು, ಬಾವಿಗೆ ಬಿದ್ದ ಕೊಡವನ್ನು ಎತ್ತುವಂತೆ ಎತ್ತಿ, ಅವರ ಮನೆಗೆ ನಡೆಸಿಕೊಂಡು ಹೋದರು.

ಊರ್ಮಿಳೆ ಬಾಗಿಲಿಗೂ ಬಾಲ್ಕನಿಗೂ ಓಡಾಡತೊಡಗಿದಳು. ಬಾಲ್ಕನಿಯಿಂದ ಬಗ್ಗಿ ನೋಡಿದರೆ, ದೊಡ್ಡದೊಂದು ಬೂದುಗುಂಬಳವನ್ನು ಅಪ್ಪಿಕೊಂಡು ಸಮೀರ್ ರಸ್ತೆ ದಾಟುತ್ತಿದ್ದ. ಬಾಗಿಲಿಗೆ ಓಡಿ ಬಂದರೆ ಮೆಟ್ಟಿಲ ಮೇಲೆ ಯಾರೋ ಒಬ್ಬ ತರುಣ, ಹೆಗಲಿಗೆ ಬ್ಯಾಗು, ಏದುಸಿರು ಬಿಡುತ್ತ, "ಈ ಲಿಫ್ಟಿಗೇನು ಬಂತೋ ಧಾಡಿ" ಎಂದು ಗೊಣಗುತ್ತಿದ್ದ. ಅಪ್ಪಟ ಮೈಸೂರಿನ ಕನ್ನಡ. ಅವಳ ಪಾಲಿಗೆ ಅದು ಅಶರೀರವಾಣಿ. ಹುಟ್ಟಿದ ಮೇಲೆ ಅಪರಿಚಿತರ ಜೊತೆ ಒಂದು ಮಾತೂ ಆಡದವಳು ಅವನ ತೋಳು ಹಿಡಿದು ಎಳೆದಳು.

"ಅಣ್ಣಾ, ಒಂದೇ ನಿಮಿಷ. ಇದನ್ನ ಬಲ ಮೊಣಕೈಲಿ ಒಡೆದುಬಿಡಿ, ನಿಮ್ಮ ದಮ್ಮಯ್ಯ."

ಹಬ್ಬದ ದಿನ ಹೆಣ್ಣುಮಗಳೊಬ್ಬಳು ಅಣ್ಣಾ ಎಂದರೆ ಒಲ್ಲೆನೆನ್ನುವ ಜಾತಿಯವನಲ್ಲ ಆತ. ಬ್ಯಾಗು ಇಳಿಸಿ, ತೋಳು ಮಡಚಿ, ಕೂತು ಕೊಟ್ಟ ಒಂದೇ ಗುದ್ದಿಗೆ ಕಡುಬು ಹೋಳಾಗಿ ನಾಣ್ಯ ಲಿಫ್ಟಿನ ಬಾಗಿಲವರೆಗೂ ಉರುಳಿತು. ಊರ್ಮಿಳೆ ಅವನ ಕಾಲಿಗೆ ಬಿದ್ದಳು. ಅವನು ಮನಸಾರೆ ಹರಸಿದ. ಕೆಳಗಿನಿಂದ ಹತ್ತಿ ಬಂದ ಅಮ್ಮನ ಕಣ್ಣು ತುಂಬಿತು.

ಅವರ ಬೆನ್ನಿಗೇ ಮಾಮಿ, ಮಾಮಿಯ ಹಿಂದೆ ಕುಂಬಳಕಾಯಿಯ ಸಮೇತ ಸಮೀರ್.

"ಉಪೇಂದ್ರ? ನೀನು ಯಾವಾಗ ಬಂದ್ಯಪ್ಪಾ ಮೈಸೂರಿಂದ?" ಎಂದರು ಮಾಮಿ. "ಇವನು ನಮ್ಮ ಸಮೀರ್‌ನ ಅಣ್ಣ ರೀ, ಸ್ವಂತ ಅಣ್ಣ."

ಉಪೇಂದ್ರ ಮೊಣಕೈಯ ಹಿಟ್ಟು ಒರೆಸಿಕೊಳ್ಳುತ್ತ ನಕ್ಕ. "ಈಗಷ್ಟೇ ಬಂದೆ ದೊಡ್ಡಮ್ಮ. ಇವತ್ತಿಗೆ ಆಷಾಢ ಮುಗೀತು, ನಾಳೆ ಶ್ರಾವಣ ಹುಟ್ಟಿದ ತಕ್ಷಣ ಹೆಣ್ಣು ಕೇಳೋಣ ಅಂತ. ಇವನು ಫೋನಲ್ಲಿ ಒಂದೇ ಹಟ. ಇದೇ ಬಿಲ್ಡಿಂಗಂತೆ, ಊರ್ಮಿಳಾ ಅಂತ. ಯಾವ ಮನೆ?"

ಸಮೀರ್ ಹೊಸಿಲ ಮೇಲಿನ ಕಡುಬಿನ ಚೂರುಗಳನ್ನು ನೋಡಿದ, ಊರ್ಮಿಳೆಯನ್ನು ನೋಡಿದ, ಕುಂಬಳಕಾಯಿಯನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡ.

"ಇವಳೇ," ಎಂದರು ಮಾಮಿ ಕೊನೆಗೆ. "ಆದ್ರೆ ಈಗ ಹೇಗಪ್ಪಾ ಆಗತ್ತೆ? ನೀನು ಇವಳಿಗೆ ಅಣ್ಣ ಆದ್ಮೇಲೆ, ನಿನ್ನ ತಮ್ಮನೂ ಅಣ್ಣನೇ ಅಲ್ವಾ?"

"ಅಮ್ಮಾ, ಅದು ಬರೀ ಕಡುಬು," ಎಂದಳು ಊರ್ಮಿಳೆ. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

"ಹಾಗನ್ಬಾರ್ದು ಕಣೆ. ಭೀಮೇಶ್ವರ ಕೇಳಿಸ್ಕೋತಾನೆ."

ಉಪೇಂದ್ರ ಏನೋ ನಿಶ್ಚಯ ಮಾಡಿಕೊಂಡವನಂತೆ ಮುಂದೆ ಬಂದು ಊರ್ಮಿಳೆಯ ತಲೆಯ ಮೇಲೆ ಕೈಯಿಟ್ಟ.

"ನೀನು ಬೇಜಾರು ಮಾಡ್ಕೋಬೇಡಮ್ಮಾ. ಒಡೆದ ಮೇಲೆ ನಿಂದೆಲ್ಲ ನನ್ನ ಜವಾಬ್ದಾರಿ," ಎಂದವನು ತಮ್ಮನ ಕಡೆ ತಿರುಗಿದ. "ಏ ಸಮೀರ್, ನಿಮ್ಮ ಆಫೀಸಲ್ಲಿ ಯಾರಾದ್ರೂ ಒಳ್ಳೇ ಹುಡುಗ ಇದಾನೇನೋ, ನಮ್ಮ ತಂಗಿಗೆ?"