ಕೌಂಟರಿನ ಮೇಲೆ ಕುಟ್ಟಿದ ಕತ್ತೆ

ಮೂವತ್ತು ವರ್ಷ ಪರದೆ ಬಟ್ಟೆ ಮಾರಿದವನು ನಾನು. ಯಾರನ್ನು ಕಂಡರೂ ಅಂಚು ಹಿಡಿದು, ಬೆಳಕಿಗೆತ್ತಿ, ತೊಳೆದರೆ ಎಷ್ಟು ಕುಗ್ಗೀತು ಎಂದು ನೋಡುವುದು ನನ್ನ ಚಟ. ಹೆಂಡತಿಯನ್ನು ಹೀಗೆ ಪರೀಕ್ಷಿಸಿ ಮನಸ್ಸಿನಲ್ಲೇ ಬರೆದುಕೊಂಡ ಷರಾ: ಬಣ್ಣ ಗಟ್ಟಿ, ನೇಯ್ಗೆ ಬಿಗಿ, ಇಸ್ತ್ರಿಗೆ ಬಗ್ಗದು, ರೇಡಿಯೋ ವಿಷಯಕ್ಕೆ ನಿರುಪಯೋಗಿ. ಈ ಕೊನೆಯದರಲ್ಲೇ ನಾನು ಮೋಸಹೋದದ್ದು!

ನಾನೊಬ್ಬ ಹ್ಯಾಮ್. ಅಂದರೆ ಲೈಸೆನ್ಸ್ ಪಡೆದು, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ದೂರದವರೊಂದಿಗೆ ಹರಟುವವನು. ಆದರೆ ನನ್ನದು ಕೆಳದರ್ಜೆಯ ಲೈಸೆನ್ಸ್. ನನ್ನ ದನಿ ಪಕ್ಕದ ಪಟ್ಟಣದವರೆಗೆ ಹೋಗಿ ಸುಸ್ತಾಗಿ ಕೂತುಬಿಡುತ್ತಿತ್ತು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತಲೇ ಘೋಷಿಸಿದೆ:

“ಇನ್ನು ಮೂರೇ ವಾರ! ಮೇಲ್ದರ್ಜೆ ಲೈಸೆನ್ಸ್ ನನ್ನ ಕಿಸೆಯಲ್ಲಿ! ಏಳು ಸಮುದ್ರದಾಚೆಯವರೂ ನನ್ನ ಮಾತು ಕೇಳ್ತಾರೆ!”

“ಮನೇಲಿ ಯಾರೂ ಕೇಳಲ್ಲ ಅಂತ ಅಷ್ಟು ದೂರ ಹೋಗ್ತಿದೀರಾ?” ಎಂದಳು ಹೆಂಡತಿ. “ಆಗಲಿ. ಫೇಲಾದ್ರೆ ಆ ಕಿಟಕಿ ಕೋಣೆ ನನಗೆ.”

ಕಿಟಕಿಯಿದ್ದ ಕೋಣೆ ನನ್ನ ರೇಡಿಯೋದ ಆಸ್ಥಾನ. ಅವಳ ಹೊಲಿಗೆ ಯಂತ್ರ ಮುಂಬಾಗಿಲ ಹಿಂದೆ. ಯಾರು ಬಾಗಿಲು ತೆರೆದರೂ ಅವಳ ಮೊಣಕೈಗೆ ಒಂದು ಏಟು!

“ಒಪ್ಪಿದೆ!” ಎಂದೆ. ಷರತ್ತಿನ ಭಯ ಸೋಲುವವನಿಗೆ ತಾನೇ?

ಮೇಲ್ದರ್ಜೆಗೆ ಮೋರ್ಸ್ ಬರಬೇಕು. ಉದ್ದ-ಗಿಡ್ಡ ಸದ್ದುಗಳಲ್ಲಿ ಇಂಗ್ಲಿಷ್ ಅಕ್ಷರ ಕಳಿಸಬೇಕು, ಬಂದದ್ದನ್ನು ಕಿವಿಯಲ್ಲೇ ಓದಬೇಕು. ಅಂಗಡಿಯ ಕತ್ತರಿ ಹಿಡಿದು ಕೌಂಟರಿನ ಮೇಲೆ ಸಾಧನೆ ಶುರು: ಗೀರಿದರೆ ಉದ್ದ, ಕುಟ್ಟಿದರೆ ಗಿಡ್ಡ. ನನಗೆ ಕೈಹತ್ತಿದ ಅಕ್ಷರಗಳು ನಾಲ್ಕೇ: ಕೆ, ಎ, ಟಿ, ಇ. ಟಿಯನ್ನು ಎರಡು ಸಲ ಹಾಕಿ ಜೋಡಿಸಿದರೆ ‘ಕತ್ತೆ’ ಎಂದಾಗುತ್ತಿತ್ತು: ಮೂರು ಕುಟ್ಟು, ಉಳಿದದ್ದು ಗೀರು. ಅದನ್ನೇ ಕುಟ್ಟಿದೆ, ಭಕ್ತಿಯಿಂದ, ಕಣ್ಣು ಮುಚ್ಚಿ.

ಮರೆತದ್ದು ಒಂದೇ. ಆ ಕತ್ತರಿಗೆ ಮೊದಲೇ ಒಂದು ಭಾಷೆ ಇತ್ತು! ಗಿರಾಕಿಗೆ ತಿಳಿಯದಂತೆ, ಅಂಗಡಿಯಲ್ಲಿ ಬಟ್ಟೆಯ ಥಾನು ಇಳಿಸಿ ಬಿಚ್ಚಿ ತೋರಿಸುವ ಹೆಂಡತಿಗೆ ಸುದ್ದಿ ಮುಟ್ಟಿಸುವ ಭಾಷೆ. ಒಂದು ಕುಟ್ಟಿದರೆ, ಒಳ್ಳೆಯ ಗಿರಾಕಿ, ಮೇಲಿನ ಥಾನು ಇಳಿಸು. ಎರಡಾದರೆ, ಬರೀ ಬೆಲೆ ಕೇಳಲು ಬಂದವನು, ಥಾನು ಬಿಚ್ಚಬೇಡ. ಮೂರಾದರೆ, ಸಾಗಹಾಕು.

ಆಗ ಒಳಬಂದರು ಒಬ್ಬ ಹಿರಿಯರು, ಕನ್ನಡಕಕ್ಕೆ ದಾರ ಕಟ್ಟಿಕೊಂಡವರು. ಹದಿನೆಂಟು ಕಿಟಕಿಗಳ ಅಳತೆಯ ಚೀಟಿ ಕೈಯಲ್ಲಿ! ನಾನು ಮೂಲೆಯಲ್ಲಿ ತಪಸ್ಸಿನಲ್ಲಿದ್ದೆ. ಒಂದು ಕುಟ್ಟು. ಹೆಂಡತಿ ಥಾನು ಇಳಿಸಿದಳು. ಇನ್ನೊಂದು. ಬಿಚ್ಚಹೊರಟದ್ದನ್ನು ಸುತ್ತಿದಳು. ಮತ್ತೊಂದು. ಮೇಲಿಟ್ಟಳು. ಮತ್ತೆ ಕತ್ತೆ, ಮತ್ತೆ ಥಾನು! ಐದನೆಯ ಕತ್ತೆಗೆ ಅವಳ ಸೊಂಟ ಸೋತಿತು.

“ಸ್ಟಾಕ್ ಇಲ್ಲ ಸಾರ್!” ಎಂದಳು, ಅರವತ್ತು ಥಾನುಗಳಿಗೆ ಬೆನ್ನು ಕೊಟ್ಟು.

ಹಿರಿಯರು ನನ್ನನ್ನು ದುರುಗುಟ್ಟಿ ನೋಡಿ, ಬೀಗದ ಕೈಯಿಂದ ಕೌಂಟರಿನ ಮೇಲೆ ಏನೋ ಗೀರಿ, ಕುಟ್ಟಿ, ಹೊರಟುಹೋದರು.

“ಅದು ನಮ್ಮ ಭಾಷೆಯಲ್ಲ ಕಣ್ರೀ,” ಎಂದಳು ಹೆಂಡತಿ.

“ಏನು ಕುಟ್ಟಿದ್ರು?”

ಒಂದೂ ತಪ್ಪದೆ ಕುಟ್ಟಿ ತೋರಿಸಿದಳು. ನನಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು, ನನ್ನ ಕೋಣೆಯ ಗೋಡೆಗೆ ಅಂಟಿಸಿದ್ದ ಮೋರ್ಸ್ ಪಟ್ಟಿಯ ಮೇಲೆ ಬೆರಳಾಡಿಸಿ ಅವಳೇ ಓದಿದಳು: “ಎನ್, ಇ, ಇ, ಎನ್, ಇ. ನೀನೇ! ಅದಿರಲಿ, ಅವರಿಗೆ ನೀವೇನು ಅಂದಿದ್ರಿ?”

ಹೇಳಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು!

ಆಗ ನನಗೆ ಹೊಳೆಯಿತು. ಇಷ್ಟು ವರ್ಷ ಕುಟ್ಟಿದವನು ನಾನು, ಕೇಳಿಸಿಕೊಂಡವಳು ಅವಳು. ನನಗೆ ಕಿವಿ ಎಲ್ಲಿಂದ ಬರಬೇಕು?

“ನಾನೇ ಕಲಿಸ್ತೀನಿ,” ಎಂದಳು.

“ನಾನು ಪಾಸಾದ್ರೆ ಕೋಣೆ ನಿನಗಿಲ್ಲ ಕಣೇ!”

“ನೀವು ಸೋತು ಕೊಟ್ಟ ಕೋಣೇಲಿ ನೆಮ್ಮದಿಯಾಗಿ ಹೊಲಿಯೋಕಾಗುತ್ತಾ? ಸಾಯೋವರೆಗೂ ಹಂಗಿಸ್ತೀರಿ.”

ಅಂದಿನಿಂದ ಅವಳ ಬಾಯಿ ಬಂದ್. ಎಲ್ಲವೂ ಕತ್ತರಿಯಲ್ಲೇ! ಮೊದಲ ದಿನ ಅರ್ಥವಾಗದೆ ಚಹಾ ತಪ್ಪಿತು. ಮರುದಿನ ಊಟ ಬಡಿಸಿದ್ದೇ ತಿಳಿಯದೆ ತಣ್ಣಗಾಯಿತು. ಹಸಿವಿನಂಥ ಮೇಷ್ಟ್ರು ಇನ್ನೊಬ್ಬರಿಲ್ಲ. ಎರಡನೇ ವಾರಕ್ಕೆ ಅವಳ ಬೈಗುಳಗಳೂ ಅಕ್ಷರಶಃ ತಿಳಿಯತೊಡಗಿದವು.

ಪರೀಕ್ಷೆಯ ದಿನ ಪರೀಕ್ಷಕರ ಕೋಣೆಗೆ ಕಾಲಿಟ್ಟೆ. ಮೇಜಿನ ಹಿಂದೆ ದಾರ ಕಟ್ಟಿದ ಕನ್ನಡಕ!

“ಓಹೋ! ಸ್ಟಾಕ್ ಬಂತೇನ್ರೀ?”

ಕೇಳಿಸದವನಂತೆ ಕುರ್ಚಿ ಎಳೆದು ಕೂತೆ. ಕಳಿಸುವ ಪರೀಕ್ಷೆ ಹೇಗೋ ದಡ ಸೇರಿತು. ಕೇಳುವ ಪರೀಕ್ಷೆಗೆ ಕಣ್ಣು ಮುಚ್ಚಿ, ಹೆಂಡತಿ ಚಹಾಕ್ಕೆ ಕರೆಯುತ್ತಿದ್ದಾಳೆ ಎಂದುಕೊಂಡೆ. ಒಂದಕ್ಷರ ತಪ್ಪಲಿಲ್ಲ!

ಅವರು ಕಾಗದ ತಿರುಗಿಸಿ ನೋಡಿದರು. “ಕೈ ಒರಟು. ಕಿವಿ ಭೇಷ್. ಪಾಸು. ಯಾರ್ರೀ ಪಳಗಿಸಿದ್ದು?”

“ಸ್ಟಾಕ್ ಇಲ್ಲ ಅಂದವರು, ಸಾರ್.”

“ಮುಂದಿನ ಸಲ ಅವರನ್ನ ಕಳಿಸಿ. ಕೌಂಟರಲ್ಲಿ ನೀವಿರಿ.”

ಗೆದ್ದ ರಾಜನಂತೆ ಮನೆಯ ಬಾಗಿಲನ್ನು ಧಡಾರನೆ ತೆರೆದೆ. ಬಾಗಿಲ ಹಿಂದಿನಿಂದ “ಅಯ್ಯೋ!” ಎಂದಿತು ಅವಳ ಮೊಣಕೈ.

“ಪಾಸಾದೆ!” ಎಂದೆ.

“ಗೊತ್ತಿತ್ತು,” ಎಂದು ಮೊಣಕೈ ಉಜ್ಜಿಕೊಂಡಳು. ಕೋಣೆಯ ಮಾತೆತ್ತಲಿಲ್ಲ. ನನಗೇ ತಡೆಯಲಾಗಲಿಲ್ಲ.

“ಏನೇ, ಅರ್ಧ ಕೋಣೆ ಕೊಡ್ಲಾ? ಕಿಟಕಿ ಕಡೆಯದು ಮಾತ್ರ ರೇಡಿಯೋಗಿರಲಿ.”

ಅವಳು ತಲೆಯೆತ್ತದೆ ಕತ್ತರಿ ತೆಗೆದುಕೊಂಡು ಯಂತ್ರದ ಹಲಗೆಯ ಮೇಲೆ ಎರಡು ಸಲ ಕುಟ್ಟಿದಳು. ಅದು ಮೋರ್ಸ್ ಅಲ್ಲ. ಅಂಗಡಿಯ ಭಾಷೆ: ಬರೀ ಬೆಲೆ ಕೇಳಲು ಬಂದವನು!

ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ನಾನು ಅವಳಿಗೆ ಒಂದು ಕೋಣೆ ಕೊಡಬೇಕು. ಪೂರ್ತಿ ಕೋಣೆ, ಕಿಟಕಿ ಸಮೇತ.