ನಮ್ಮ ಜೀಪಿನ ನಿಟ್ಟುಸಿರು

ರಸ್ತೆಯಲ್ಲಿ ಒಂದು ಹಳೆಯ ಗಾಡಿ ನಿಂತರೆ ಸಾಕು, ಸುತ್ತಲಿನ ಗಂಡಸರೆಲ್ಲ ಡಾಕ್ಟರುಗಳಾಗಿಬಿಡುತ್ತಾರೆ. ಹೆಂಡತಿಗೆ ಜ್ವರ ಬಂದರೆ ‘ಒಂದು ಗುಳಿಗೆ ನುಂಗಿ ಮಲಗು’ ಎಂದು ಮಗ್ಗುಲು ಬದಲಿಸುವವರೇ, ಬಾನೆಟ್ ಎತ್ತಿದ ಕೂಡಲೇ ತೋಳು ಮಡಚಿಕೊಂಡು, ಮೂಗು ತೂರಿಸಿ, ಅದರ ಕರುಳೆಲ್ಲ ಮುಟ್ಟಿ ನೋಡುತ್ತಾರೆ. ದಾರಿಯಲ್ಲಿ ಹೋಗುತ್ತಿದ್ದ ಕುರಿಯವನೂ ಕುರಿಗಳನ್ನು ದೇವರ ಮೇಲೆ ಬಿಟ್ಟು ಬಂದು ಒಂದು ಮಾತು ಹೇಳಿಯೇ ಹೋಗುತ್ತಾನೆ. ‘ನನಗೆ ಗೊತ್ತಿಲ್ಲ’ ಎಂಬ ಮಾತು ಮಾತ್ರ ಒಬ್ಬನ ಬಾಯಿಂದಲೂ ಹೊರಡುವುದಿಲ್ಲ. ನಾನು ಶಾಲೆಯ ಜಗಲಿ ಹತ್ತಿ ಬೇಗನೇ ಇಳಿದವಳು. ಆದರೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದಕ್ಕೆ ಶಾಲೆ ಬೇಕಿಲ್ಲ ಎನ್ನುವಷ್ಟು ಬುದ್ಧಿ ನನಗಿದೆ ಎಂದುಕೊಂಡಿದ್ದೆ.

ನಮ್ಮದು ಡೀಸೆಲ್ ಜೀಪು. ನನ್ನ ಹಲ್ಲುಗಳಂತೆ ಅದರಲ್ಲೂ ಸ್ವಂತದ್ದೆನ್ನುವುದು ಕಡಿಮೆ. ಒಂದೊಂದು ಭಾಗ ಒಂದೊಂದು ಸತ್ತ ಗಾಡಿಯಿಂದ ಬಂದದ್ದು. ಮಗ ಈರಣ್ಣ ಅದರಲ್ಲಿ ಆದವಾನಿಯಿಂದ ಮಾಧವರಂವರೆಗೆ ಜನರನ್ನು ಸಾಗಿಸುತ್ತಿದ್ದ. ಆಮೇಲೆ ಅವನಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಜೀಪು ಮನೆಯ ಮುಂದೆ ನಿಂತಿತು, ಸೀಟಿನ ಮೇಲೆ ಕೋಳಿ ಮೊಟ್ಟೆಯಿಡತೊಡಗಿತು. ಒಂದು ದಿನ ಸೊಸೆ ಸುಂಕಮ್ಮ ಕೋಳಿಯನ್ನೆಬ್ಬಿಸಿ ತಾನು ಕೂತಳು. ನಾಗಲದಿನ್ನೆಯ ತವರಿನಲ್ಲಿ ಟ್ರ್ಯಾಕ್ಟರು ಓಡಿಸಿ ಬೆಳೆದವಳು. ಲೈಸೆನ್ಸೂ ಮಾಡಿಸಿಕೊಂಡಳು. ಅಂದಿನಿಂದ ನಮ್ಮ ಓಣಿಯ ಹೆಂಗಸರನ್ನು ಹತ್ತಿ ಬಿಡಿಸಲು ಹೊಲಗಳಿಗೆ ಒಯ್ಯುವುದು, ಸಂಜೆ ಕರೆತರುವುದು ಆಕೆಯ ಕೆಲಸ. ಹೆಂಗಸರಿಗೆ ಪರಮ ಸುಖ. ಗಂಡು ಡ್ರೈವರಿನ ಪಕ್ಕ ಕೂತರೆ ಗೇರು ಎಲ್ಲಿದೆಯೋ ಅವನ ಕೈ ಎಲ್ಲಿದೆಯೋ ಎಂದು ದಾರಿಯುದ್ದಕ್ಕೂ ನೋಡಿಕೊಂಡೇ ಇರಬೇಕು; ಈಗ ಕಣ್ಣು ಮುಚ್ಚಿ ನಿದ್ದೆ ಮಾಡಬಹುದು.

ಇದನ್ನು ನೋಡಲಾಗದವನು ಒಬ್ಬನಿದ್ದ. ನನ್ನ ಮೈದುನನ ಮಗ ತಿಮ್ಮಪ್ಪ. ಕೆಲಸವಿಲ್ಲ, ಆದರೆ ಎಲ್ಲ ಕೆಲಸದ ಬಗ್ಗೆಯೂ ಅಭಿಪ್ರಾಯವಿದೆ. “ಗಾಡಿ ನನ್ ಕೈಗೆ ಕೊಡಪ್ಪಾ, ನಾ ಓಡಿಸ್ತೀನಿ. ಮನಿ ಹೆಂಗಸು ಹಿಂಗ ರೋಡಿಗೆ ಬಂದ್ರ ಏಂ ಬಾಗುಂಟುಂದಿ?” ಎಂದು ಈರಣ್ಣನ ಕಿವಿಯಲ್ಲಿ ಊದುವುದೇ ಅವನ ನೌಕರಿ. ಚೆನ್ನಾಗಿರುವುದಿಲ್ಲವಂತೆ! ಇವನು ಹಗಲೆಲ್ಲ ಚಹದಂಗಡಿಯ ಬೆಂಚಿಗೆ ಅಂಟಿಕೊಂಡಿರುವುದು ಮಾತ್ರ ಊರಿಗೆ ಭೂಷಣ.

ಇಂಥವರ ಕಣ್ಣು ಕೆಟ್ಟದ್ದು. ಅತ್ತೆಯಾದವಳು ಮಾಡಬೇಕಾದದ್ದನ್ನು ನಾನು ಮಾಡಿದೆ. ಪ್ರತಿ ಶುಕ್ರವಾರ ಬೆಳಿಗ್ಗೆ ಹೊಸ್ತಿಲಿಗೆ ಅರಿಶಿನ ಬಳಿದ ಮೇಲೆ ಉಳಿದದ್ದನ್ನು ಎಣ್ಣೆಯಲ್ಲಿ ಕಲಸಿ ಜೀಪಿನ ಬಂಪರಿಗೆ, ಸ್ಟೇರಿಂಗಿಗೆ, ಡೀಸೆಲ್ ಕುಡಿಯುವ ಬಾಯಿಗೆ ಮೆತ್ತಿ, ಮೇಲೆ ಕುಂಕುಮ ಇಡುತ್ತಿದ್ದೆ. ಮನೆಗೆ ಹೊಸ್ತಿಲು ಹೇಗೋ ಗಾಡಿಗೆ ಬಾಯಿ ಹಾಗೆ. ಕೇಡು ಅಲ್ಲಿಂದಲೇ ಒಳಗೆ ಹೋಗುವುದು. ಹಿಂದಿನ ವಾರದ್ದನ್ನು ಒರೆಸಿ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಊರಮ್ಮನ ಕಲ್ಲಿನ ಮೇಲೆ ಪದರದ ಮೇಲೆ ಪದರ ಕೂರುತ್ತದಲ್ಲ, ಹಾಗೆ.

ಹತ್ತಿ ಬಿಡಿಸುವ ಕೆಲಸ ಭರದಲ್ಲಿದ್ದಾಗ ಜೀಪು ಕೈಕೊಡಲು ಶುರು ಮಾಡಿತು. ಮನೆಯಿಂದ ಮಗುವಿನ ಹಾಗೆ ಹೊರಡುವುದು. ಮಾಧವರಂ ದಾರಿಯಲ್ಲಿ ಸ್ವಲ್ಪ ದೂರ ಹೋದ ಮೇಲೆ ಕೆಮ್ಮುವುದು, ತೊನೆಯುವುದು, ನಿಲ್ಲುವುದು. ಆಮೇಲೆ ಕೀಲಿ ಎಷ್ಟು ತಿರುವಿದರೂ ಗರಗರ ಎನ್ನುವುದೇ ಹೊರತು ಸ್ಟಾರ್ಟ್ ಆಗುವುದಿಲ್ಲ.

ಮೊದಲ ಸಲ ನಿಂತಾಗ ತಿಮ್ಮಪ್ಪ ಮೋಟಾರುಬೈಕಿನಲ್ಲಿ ಅಲ್ಲಿಗೆ ಹಾರಿ ಹೋದ. ಟ್ಯಾಂಕಿನ ಮುಚ್ಚಳ ಬಿಚ್ಚಿ ಒಳಗೆ ಜಾಲಿಕಡ್ಡಿ ಇಳಿಬಿಟ್ಟು, “ಡೀಸೆಲ್ ಐತಿ” ಎಂದು ಕಂಡುಹಿಡಿದ. ಅದು ಇದೆಯೆಂದು ಹಾಕಿಸಿದವಳಿಗೆ ಗೊತ್ತಿಲ್ಲವೇ? ಬಾನೆಟ್ಟಿನೊಳಗೆ ಡೀಸೆಲ್ ಎಳೆಯುವ ಕೈಪಂಪನ್ನು ಒತ್ತಿ ಕೀಲಿ ತಿರುವಿದ. ಜೀಪು ಎದ್ದಿತು. “ನೋಡ್ದಿರೇನು? ಗಂಡಸಿನ ಕೈ ಬಿದ್ರ ಹ್ಯಾಂಗ ಕೇಳತೈತಿ!” ಎಂದು ಓಣಿಯೆಲ್ಲ ಸಾರಿದ.

ಎರಡನೆಯ ಸಲ ಮೆಕ್ಯಾನಿಕ್ ಖಾಜಾ ಬಂದ. “ಅಮ್ಮೀ, ಡೀಸೆಲ್ ಇಂಜಿನ್‌ಗೆ ಬರ್ತಾ ಇಲ್ಲ, ಅದೇ ರೋಗ. ಫಿಲ್ಟರ್ ಖರಾಬ್” ಎಂದು ಫಿಲ್ಟರು ಬದಲಿಸಿದ. ಟ್ಯಾಂಕಿನ ಮುಚ್ಚಳ ತೆಗೆದು ಪೈಪಿಗೆ ಬಾಯಿಟ್ಟು ಊದಿದ, ಎಳೆದ. ಬಾಯ್ತುಂಬ ಡೀಸೆಲ್ ಬಂದು ಅರ್ಧ ದಿನ ಉಗಿಯುತ್ತ ಕೂತ. ಅವನ ಬಾಯಿಗೆ ಬರುವ ಡೀಸೆಲ್ ಇಂಜಿನ್ನಿಗೆ ಯಾಕೆ ಬರುವುದಿಲ್ಲ ಎಂದು ಕೇಳಿದರೆ, “ಹೆಂಗಸ್ರಿಗೆ ಇದು ಸಮಝ್ ಆಗಲ್ಲ, ಛೋಡೋ” ಎಂದ. ಜೀಪು ಶೆಡ್ಡಿನಲ್ಲಿ ಗಂಡುಹುಲಿಯಂತೆ ಗರ್ಜಿಸಿತು. ಮರುದಿನ ಅದೇ ದಾರಿಯಲ್ಲಿ ಬೆಕ್ಕಿನಂತೆ ಮಲಗಿತು. ಈ ಸಲ ಮುಚ್ಚಳ ತೆಗೆದು ಡೀಸೆಲ್ ನೋಡಿ, ಪಂಪೇ ಹೋಗಿದೆ ಎಂದು ಪಂಪು ಬಿಚ್ಚಿದರು; ಜೀಪು ಎದ್ದಿತು, ಮತ್ತೆ ಮಲಗಿತು. ನನ್ನ ಎಮ್ಮೆ ಹಾಲು ಕೊಡದಿದ್ದರೆ ನಾನು ಮೊದಲು ಕರು ಎಲ್ಲಿದೆ, ನೀರು ಕುಡಿದಿದೆಯೇ ಎಂದು ನೋಡುತ್ತೇನೆ. ಇವರಾದರೆ ಕೆಚ್ಚಲು ಕೊಯ್ದು ಒಳಗೆ ನೋಡುವ ಜಾತಿ.

ಕೂಲಿಗೆ ತಡವಾಗತೊಡಗಿತು. ಹೊಲದವನು ಇನ್ನೊಂದು ಸಲ ಹೀಗಾದರೆ ಬೇರೆ ಕೂಲಿಯವರನ್ನು ಕರೆಸುವೆನೆಂದ. ತಿಮ್ಮಪ್ಪ ಕಿವಿಯಲ್ಲಿ ಊದಿದ್ದೂ ಊದಿದ್ದೇ. ಕಡೆಗೆ ಗುರುವಾರ ಸಂಜೆ ಈರಣ್ಣ ಊಟದ ತಟ್ಟೆಯ ಮುಂದೆ ತೀರ್ಪು ಕೊಟ್ಟ: “ನಾಳಿ ಮತ್ತ ನಿಂತ್ರ ಕೀಲಿ ತಿಮ್ಮಪ್ಪಗ. ಅವನೇ ಓಡಿಸ್ಲಿ. ನೀ ಮನ್ಯಾಗಿರು.”

ಸುಂಕಮ್ಮ ಸೊಂಟದಲ್ಲಿದ್ದ ಕೀಲಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು, ಅಷ್ಟೇ. ಶುಕ್ರವಾರ ಬೆಳಿಗ್ಗೆ ಎಂದಿಗಿಂತ ದಪ್ಪವಾಗಿ ಅರಿಶಿನ ಮೆತ್ತಿದೆ. “ಇವತ್ತು ನಾನೂ ಬರ್ತೀನಿ, ಯಾರ್ ಕಣ್ ಹಾಕ್ತಾರ ನೋಡ್ತೀನಿ” ಎಂದು ಮುಂದಿನ ಸೀಟಿನಲ್ಲಿ ಕೂತೆ.

ಅಂದು ಮೊದಲಿಗಿಂತ ಬೇಗ ನಿಂತಿತು.

ಹಿಂದೆ ಕೂತಿದ್ದ ಲಕ್ಷ್ಮಕ್ಕ, “ಆತು ಬಿಡವ್ವಾ. ಇನ್ ಮ್ಯಾಲ ಆ ತಿಮ್ಮಪ್ಪನ ಮಾರಿ ನೋಡ್ಕೋತ ಹೋಗ್ಬೇಕು. ಅದರ ಬದ್ಲಿ ನಡ್ಕೊಂಡು ಹೋಗೂದು ಭೇಷ್!” ಎಂದಳು. ಉಳಿದವರು ನಗಲಿಲ್ಲ. ತಿಮ್ಮಪ್ಪನ ಬೈಕಿನ ಸದ್ದು ದೂರದಲ್ಲಿ ಆಗಲೇ ಕೇಳುತ್ತಿತ್ತು. ಹದ್ದಿಗೆ ಹೆಣದ ಸುಳಿವು ಹೇಳಿಕೊಡಬೇಕೇ?

ಸುಂಕಮ್ಮ ಬಾನೆಟ್ ಮುಟ್ಟಲಿಲ್ಲ. ಸ್ಟೇರಿಂಗಿನ ಮೇಲೆ ಕೈಯಿಟ್ಟು ಕೂತೇ ಇದ್ದಳು. “ಅತ್ತೀ, ತಿಮ್ಮಪ್ಪ ಬಂದಾಗ ಕಡ್ಡಿ ಹಾಕ್ದ, ಖಾಜಾ ಬಂದಾಗ ಪೈಪ್ ಊದ್ದ, ಆಮ್ಯಾಲ ಪಂಪ್ ಬಿಚ್ಚಿದ್ರು. ಒಬ್ಬೊಬ್ರು ಒಂದೊಂದ್ ಮಾಡ್ಯಾರ. ಗಾಡಿ ಮಾತ್ರ ಎಲ್ಲಾರ್ಗೂ ಎದ್ದೈತಿ. ಹೌದಿಲ್ಲೋ?”

“ಎದ್ದು ಮತ್ತ ಬಿದ್ದೈತಿ,” ಎಂದೆ.

“ಎಲ್ಲಾರೂ ಮಾಡಿದ್ ಒಂದೇ ಒಂದ್ ಐತಿ. ಮುಚ್ಚಳ ತಗದಾರ.”

ಇಳಿದು ಹೋಗಿ ಟ್ಯಾಂಕಿನ ಮುಚ್ಚಳ ತಿರುವಿದಳು. ‘ಹುಸ್ಸ್’ ಎಂದು ಒಂದು ಸದ್ದು ಬಂತು, ಬಿಗಿಹಿಡಿದ ಉಸಿರನ್ನು ಯಾರೋ ಎಳೆದುಕೊಂಡಂತೆ. ಗಾಳಿ ಒಳಗೆ ಹೋಯಿತು. ಆಕೆ ಕೈಪಂಪು ಒತ್ತಿ ಕೀಲಿ ತಿರುವಿದಳು. ಜೀಪು ಎದ್ದಿತು. ಹೆಂಗಸರು ಹೋ ಎಂದರು. ನಾನು ಎಲ್ಲರಿಗಿಂತ ಜೋರಾಗಿ ಹೋ ಎಂದೆ. ಈ ಗಂಡಸರ ತಲೆಗೆ ಇಷ್ಟು ಹೊಳೆಯಲಿಲ್ಲವೇ! ಬಾಟಲಿಗೆ ಬಾಯಿಟ್ಟು ಬಿಡದೆ ಎಳೆದರೆ ನೀರು ಬರುವುದು ನಿಲ್ಲುತ್ತದೆ, ಒಳಗೆ ಗಾಳಿ ಹೋಗಬೇಕು ಎಂದು ಎಳೆ ಕೂಸಿಗೂ ಗೊತ್ತು. ಮುಚ್ಚಳದಲ್ಲಿ ಗಾಳಿಗೆಂದೇ ತೂತು ಇರಬೇಕು, ಅದು ಮುಚ್ಚಿಕೊಂಡಿರಬೇಕು. ಯಾವ ಮುಠ್ಠಾಳ ಮುಚ್ಚಿದನೋ, ಎಂದು ನಾನು ಗಟ್ಟಿಯಾಗಿ ಬೈಯುತ್ತಲೇ ಇದ್ದೆ.

ಸುಂಕಮ್ಮ ಮುಚ್ಚಳವನ್ನು ಬಿಸಿಲಿಗೆ ಹಿಡಿದಿದ್ದಳು. ಹಳದಿ, ಕೆಂಪು, ಹಳದಿ, ಕೆಂಪು. ವಾರಗಳೆಲ್ಲ ಒಂದರ ಮೇಲೊಂದು ಗಟ್ಟಿಯಾಗಿ ಕೂತಿದ್ದವು. ಎಣ್ಣೆಯಲ್ಲಿ ಕಲಸಿದ್ದಲ್ಲವೇ, ಬಾಳಿಕೆ ಬರಲಿ ಎಂದು. ಆಕೆ ಕೂದಲಿಂದ ಪಿನ್ನು ತೆಗೆದು ಕೆರೆದಳು. ಪದರ ಎದ್ದು ಬಂತು, ಕೆಳಗೆ ಸಾಸಿವೆ ಹಿಡಿಸುವಷ್ಟು ಒಂದು ತೂತು ಕಾಣಿಸಿತು. ನನ್ನ ಬೈಗುಳ ಬಾಯಲ್ಲೇ ಉಳಿಯಿತು.

ಅಷ್ಟರಲ್ಲಿ ತಿಮ್ಮಪ್ಪ ಬಂದು ಬೈಕು ನಿಲ್ಲಿಸಿ ಕೈ ಚಾಚಿದ. “ಕೊಡು ಕೀಲಿ. ಏನಾಗಿತ್ತು?”

ಸುಂಕಮ್ಮ ನನ್ನ ಮುಖ ನೋಡಲಿಲ್ಲ. “ಏನಿಲ್ಲ ಮೈದುನಾ, ಮುಚ್ಚಳದ ತೂತಿನ್ಯಾಗ ಧೂಳು ಕುಂತಿತ್ತು. ನೀ ಕಡ್ಡಿ ಹಾಕೂ ಮುಂದ ಆ ಮುಚ್ಚಳ ನಿನ್ ಕೈಯಾಗ ಇತ್ತಲ್ಲ, ಕಾಣ್ಲಿಲ್ಲೇನು?” ಎಂದಳು. ಲಕ್ಷ್ಮಕ್ಕ ಹಿಂದಿನಿಂದ, “ಅವ್ನಿಗೆ ಕೀಲಿ ಬಿಟ್ಟು ಏನ್ ಕಂಡೀತು ಬಿಡವ್ವಾ!” ಎಂದಳು. ಅವನು ಬೈಕಿಗೆ ಒದೆಯುತ್ತ ಅಲ್ಲೇ ಉಳಿದ. ನಮ್ಮ ಜೀಪು ಹೊಲದವರೆಗೂ ನಿಲ್ಲಲಿಲ್ಲ, ಇಂದಿನವರೆಗೂ ನಿಂತಿಲ್ಲ.

ಮನೆಗೆ ಬಂದ ಮೇಲೆ ಆಕೆ ಮೆಲ್ಲಗೆ ಹೇಳಿದ್ದು ಇಷ್ಟೇ: “ಅತ್ತೀ, ಊರಮ್ಮಗ ಉಸಿರು ಬ್ಯಾಡ. ಜೀಪಿಗೆ ಬೇಕು.”

ತಪ್ಪಾಯಿತು ಎನ್ನುವುದು ನಮ್ಮ ಮನೆತನದಲ್ಲಿಲ್ಲ. “ಅಷ್ಟ್ ಸಣ್ಣ ತೂತು ಮಾಡಿದವ್ನಿಗೆ ಬುದ್ಧಿ ಇರ್ಬೇಕಿತ್ತು” ಎಂದು ಒಳಗೆ ಹೋದೆ. ಈರಣ್ಣನಿಗೆ ಧೂಳಿನ ಕಥೆಯೇ ತಲುಪಿತು, ಅದನ್ನು ನಾನೂ ತಿದ್ದಲಿಲ್ಲ. ದಾರಿಯಲ್ಲಿ ನಿಂತ ಗಾಡಿಗಳ ಸುತ್ತ ಗಂಡಸರು ಈಗಲೂ ಸೇರುತ್ತಾರೆ. ನಾನು ಮಾತ್ರ ಮೊದಲಿನಂತೆ ಗಟ್ಟಿಯಾಗಿ ಬೈಯುವುದಿಲ್ಲ, ಮನಸ್ಸಿನಲ್ಲೇ ಬೈಯುತ್ತೇನೆ. ಇನ್ನು ಶುಕ್ರವಾರ ಬೆಳಿಗ್ಗೆ ಸುಂಕಮ್ಮ ಜೀಪು ಹತ್ತುವ ಮುಂಚೆ ಡೀಸೆಲ್ ಇದೆಯೇ ಎಂದು ನೋಡುವುದಿಲ್ಲ, ಟೈರಿಗೆ ಗಾಳಿ ಇದೆಯೇ ಎಂದೂ ನೋಡುವುದಿಲ್ಲ. ಮೊದಲು ನನ್ನನ್ನು ಕರೆದು, ಬೆರಳಲ್ಲಿ ಅರಿಶಿನದ ಎಣ್ಣೆ ಇದೆಯೇ ಎಂದು ನೋಡುತ್ತಾಳೆ.