ಹಡಗು ಕಟ್ಟಿ ಬಂದ ಮೈದುನ

ನನ್ನ ಮೈದುನನಿಗೆ ಎಲ್ಲ ಬರುತ್ತದೆ, ಕೂಡಲಿಕ್ಕೊಂದು ಬರುವುದಿಲ್ಲ. ಊಟಕ್ಕೆ ಕೂತರೂ ಒಂದು ಮೊಣಕಾಲು ಎದ್ದೇ ಇರುತ್ತದೆ!

ಇಪ್ಪತ್ತು ವರ್ಷ ಮುಂಬಯಿಯಲ್ಲಿ ಹಡಗು ಕಟ್ಟಿದವನು. ಅದರ ಕಬ್ಬಿಣದ ಹೊಟ್ಟೆಯೊಳಗೆ ಹೊಕ್ಕು ದಪ್ಪ ಮೊಳೆ ಬಡಿದು ಬಡಿದು, ಕಿವಿ ಕಳಕೊಂಡು ನಮ್ಮ ಊರು ಖಜೂರಿಗೆ ಬಂದ. ಕಿವಿ ಹೋಗಿದೆ ಎಂದು ಮಾತ್ರ ಒಪ್ಪುವುದಿಲ್ಲ. "ನೀವೇ ಸಣ್ಣಗ ಮಾತಾಡ್ತೀರಿ ವೈನಿ" ಎಂದು ಅತ್ತಿಗೆಯಾದ ನನಗೇ ಬುದ್ಧಿ ಹೇಳುತ್ತಾನೆ. ನಾನು ಸಣ್ಣಗೆ ಮಾತಾಡುವವಳೇ? ನನ್ನ ದನಿಗೆ ಪಕ್ಕದ ಹೊಲದ ಎತ್ತುಗಳೂ ನಿಲ್ಲುತ್ತವೆ!

ಮುಂಬಯಿಯಲ್ಲಿ ಬಿಳಿ ಸಾಹೇಬರ ಕಾಲದಿಂದಲೂ ಹಡಗು ಕಟ್ಟುತ್ತಾರಂತೆ. ಅಜ್ಜ ಕಟ್ಟಿದ ಸಾಗವಾನಿ ಹಡಗು ಮೊಮ್ಮಗನ ಕಾಲಕ್ಕೂ ತೇಲುತ್ತಿತ್ತಂತೆ.

"ನಮ್ಮೂರಾಗ ಏನದ ವೈನಿ?"

"ತೊಗರಿ ಅದ, ಹೆಂಡ್ತಿ ಅದಾಳ. ಕೂಡಪಾ ಸುಮ್ಮ."

ಕೇಳಿಸಿತೋ ಇಲ್ಲವೋ, ಎದ್ದು ಹೋದ. ಎಲ್ಲಿಗೆ? ಡಾಂಬರು ರಸ್ತೆಗೆ, ಸೊಲ್ಲಾಪುರದ ಕಡೆ ಹೋಗುವ ಲಾರಿ ನೋಡಲಿಕ್ಕೆ. ಹಿಂದೆ ಎರಡು ಸಲ ಹೀಗೇ ನೋಡುತ್ತ ನಿಂತವನು ಲಾರಿ ಹತ್ತಿಯೇ ಬಿಟ್ಟಿದ್ದ. ಎರಡು ಸಲವೂ ತಿರುಗಿ ಬಂದದ್ದು ಮರುವರ್ಷ! ಅದಕ್ಕೇ ಅವನು ಹೊಸ್ತಿಲು ದಾಟಿದಾಗೆಲ್ಲ ಅವನ ಹೆಂಡತಿ, ನನ್ನ ನೆಗೆಣ್ಣಿ, ರೊಟ್ಟಿ ಬಡಿಯುವ ಕೈ ನಿಲ್ಲಿಸಿ ಬಾಗಿಲು ನೋಡುತ್ತಿದ್ದಳು.

"ಹೋಗಬ್ಯಾಡ ಅನ್ನು ಬೇ" ಎಂದೆ ಅವಳಿಗೆ.

"ಹ್ಯಾಂಗ ಅನ್ಲಿ ಅಕ್ಕಾ? ಸಣ್ಣಗ ಅಂದ್ರ ಅವರಿಗೆ ಕೇಳಲ್ಲ. ಜೋರಾಗಿ ಅಂದ್ರ ಮಾವಗ ಕೇಳ್ತದ."

ಮಾವನೆದುರು ಸೊಸೆಯ ದನಿ ಏಳಬಾರದೆಂಬುದು ನಮ್ಮ ಮನೆಯ ರಿವಾಜು. ನಾನು ಅದನ್ನು ಎಂದೋ ಮುರಿದಿದ್ದೆ. ಅವಳಿಂದ ಆಗಿರಲಿಲ್ಲ.

ಅವನನ್ನು ಮನೆಯಲ್ಲಿ ನಿಲ್ಲಿಸಲು ನಾನೇ ಒಂದು ಕೆಲಸ ಕೊಟ್ಟೆ. ತೊಗರಿ ತುಂಬಲು ಬಿದಿರು ಹೆಣೆದು, ಸೆಗಣಿ ಮೆತ್ತಿ ಹೊಸ ಕಣಜ ಮಾಡಿದ್ದೆವು. ಗಟ್ಟಿ ಇದೆಯೋ ನೋಡು ಎಂದೆ. ಅವನೇನು ಮಾಡಿದ? ಬಾವಿಯಿಂದ ಹೊತ್ತು ಹೊತ್ತು ತಂದು ಅದರೊಳಗೆ ನೀರು ತುಂಬಿದ!

"ಹಡಗಿನ ಟಾಕಿ ಹಿಂಗೇ ನೋಡೋದ್ರಿ ವೈನಿ. ಒಳಗಿನ ನೀರು ಹೊರಗ ಬರ್ಲಿಲ್ಲಂದ್ರ, ಹೊರಗಿಂದೂ ಒಳಗ ಬರಲ್ಲ."

ನೀರು ಹೊರಗೆ ಬಂತು. ಹಿಂದೆಯೇ ಕಣಜವೂ ಬಂತು. ಪಡಸಾಲೆಯಲ್ಲಿ ಮಲಗಿದ್ದ ಮಾವ ಸೆಗಣಿ ನೀರಿನಲ್ಲಿ ಎದ್ದು ಕೂತು, "ಇನ್ನೊಂದ್ ಕೊಡ ಹಾಕು ಲೇ, ನಾನೂ ಮುಂಬೈ ಮುಟ್ತೇನಿ!" ಎಂದರು.

ಅದೊಂದು ಮಾತು ಅವನಿಗೆ ಹೇಗೆ ಕೇಳಿಸಿತೋ! ಗಂಟು ಕಟ್ಟಿ ರಸ್ತೆಗೆ ನಡೆದೇಬಿಟ್ಟ.

ನಾವಿಬ್ಬರೂ ಹಿಂದೆ ಓಡಿದೆವು. ನಮ್ಮ ಹಿಂದೆ ಕೋಲೂರಿಕೊಂಡು ಮಾವ. ಹೋಗುವಷ್ಟರಲ್ಲಿ ಲಾರಿ ಗುಡುಗುಡು ಅನ್ನುತ್ತಿತ್ತು, ಅವನ ಒಂದು ಕಾಲು ಮೇಲಿತ್ತು. ಚಹಾದಂಗಡಿಯ ತುಂಬ ಗಂಡಸರು. ನೆಗೆಣ್ಣಿ ಬಾಯಿಗೆ ಹಿಡಿದ ಸೆರಗು ಬಿಟ್ಟಳು.

"ಹೋಗಬ್ಯಾಡ್ರೀ! ಹೋದ್ರ ನನ್ನೂ ಕರ್ಕೊಂಡ್ ಹೋಗ್ರೀ!"

ಬಾಯಿಗೆ ಹೊರಟಿದ್ದ ಚಹಾದ ಬಸಿಗಳು ಗಾಳಿಯಲ್ಲೇ ನಿಂತವು.

ಅವನು ತಿರುಗಿದ. "ಯಾಕ ಒದರ್ತಿ? ನಾ ಏನ್ ಕಿವುಡ ಇದ್ದೇನೇನು?"

ಯಾರೂ ನಗಲಿಲ್ಲ. ಅವನು ಕೆಳಗಿಳಿದು ಅವಳ ಹತ್ತಿರ ಬಂದ. ಅವಳು ಇನ್ನೂ ಏನೋ ಹೇಳುತ್ತಿದ್ದಳು, ಈಗ ಸಣ್ಣಗೆ. ಅಷ್ಟು ಜನರ ಎದುರು ಅವನು ತಲೆ ಬಾಗಿಸಿ, ಅವಳ ಬಾಯಿಯ ಹತ್ತಿರ ಕಿವಿ ತಂದು ನಿಂತ.

ಮಾವ ಆಚೆ ಮುಖ ತಿರುಗಿಸಿದರು.

ನಾನು ಲಾರಿಯವನಿಗೆ, "ಏನ್ ನೋಡಾಕತ್ತೀ? ನಡಿ ಮುಂದ" ಎಂದೆ.